ಉರಿ ತಗ್ಗಿಸಿದ ತಿಂಗಳು

ಕುಲುಮೆಯನ್ನು ಆರಿಸುವ ಹಾಗಿಲ್ಲ.
ಆರಿದರೆ ಒಳಗಿನ ಗಾಜೆಲ್ಲ ಒಂದೇ ಬಂಡೆ,
ಇಟ್ಟಿಗೆ ಸೀಳು, ಕಂಪನಿಯ ಕತೆ ಅಲ್ಲಿಗೆ.
ಹಾಗಾಗಿ ಆ ಚಳಿಗಾಲ, ಗ್ಯಾಸಿನ ಬಿಲ್ಲು ನಾಲ್ಕು ಪಟ್ಟಾದಾಗ,
ವೈನ್ ಬಾಟಲಿಗಳ ಆರ್ಡರು ಒಂದೊಂದೇ ಕಳಚಿಕೊಂಡಾಗ,
ಮರೀನ್ಯಾ ಗ್ರಾಂಡೆಯ ಹೊರವಲಯದ ನಮ್ಮ ಕಾರ್ಖಾನೆ
ಉರಿ ತಗ್ಗಿಸಿಕೊಂಡು ಕೂತಿತು,
ಒಲೆಯ ಮುಂದೆ ಹಾಲು ಕಾಯುವವಳ ಹಾಗೆ.

ಬೆಲ್ಟು ನಿಂತಿತು.
ಹತ್ತೊಂಬತ್ತು ವರ್ಷ ಕಿವಿಯೊಳಗಿದ್ದ ಬಾಟಲಿಗಳ ಕಿಣಿಕಿಣಿ
ನಿಂತ ಮೇಲೆ ಗೊತ್ತಾಯಿತು
ಪಕ್ಕದ ಟೇಬಲ್ಲಿನ ಗ್ರಾಸಿಯೆಟ್
ಗೊರಗೊರ ಉಸಿರಾಡುತ್ತಾಳೆಂದು.

ಮನೆಗೆ ಕಳಿಸುತ್ತಾರೆ ಅಂದುಕೊಂಡೆವು.
ಕಳಿಸಲಿಲ್ಲ. ನೋಟೀಸು ಬೋರ್ಡಿನಲ್ಲಿ ಒಂದು ಹಾಳೆ:
ಸೋಮವಾರದಿಂದ ತರಬೇತಿ. ಎಲ್ಲರಿಗೂ. ಕ್ಯಾಂಟೀನಿನಲ್ಲಿ.
'ಎಲ್ಲರಿಗೂ' ಎಂಬುದರ ಕೆಳಗೆ ಎರಡು ಗೆರೆ.

ಲೆಕ್ಕದ ತೆಲೆಸ್ ತಲೆ ಚಚ್ಚಿಕೊಂಡ:
ಸಂಬಳಕ್ಕೇ ಸಾಲ, ಅದರ ಮೇಲೆ ಪಾಠವೆ?
ಫೋರ್ಕ್‌ಲಿಫ್ಟಿನ ವಾಲ್ದೆಮಾರ್ ಸಿಗರೇಟು ಸುತ್ತುತ್ತ ಅಂದ:
ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದರೆ ಇದೇ.
ನಾವೂ ನಕ್ಕೆವು. ನಗುವಷ್ಟು ಭಯ ಇತ್ತು.

ಪಾಠ ಹೇಳಲು ಬಂದವನು ಎರ್ಮೀನಿಯು.
ಕುಲುಮೆಯ ಬಳಿ ನಲವತ್ತು ವರ್ಷ, ಎಡಗಿವಿ ಪೂರಾ ಹೋಗಿದೆ,
ಪ್ರಶ್ನೆ ಕೇಳಿದರೆ ಇಡೀ ಮೈ ತಿರುಗಿಸಿ ಬಲಗಿವಿ ಕೊಡುತ್ತಾನೆ.
ಸೀಮೆಸುಣ್ಣ ಹಿಡಿದು ಗೊತ್ತಿಲ್ಲ. ಸೂಪಿನ ಬಟ್ಟಲು ಬೋರಲು ಹಾಕಿ
ಇದು ಕುಲುಮೆ ಅಂದ. ಉಪ್ಪಿನ ಡಬ್ಬಿ ಬರ್ನರು.
ಬ್ರೆಡ್ಡಿನ ತುಂಡಿಗೆ ಬೆರಳಿಂದ ತೂತು ಕೊರೆದು
ಆಲಿವ್ ಎಣ್ಣೆ ಸುರಿದು, ಅದು ತಟ್ಟೆಗೆ ಇಳಿಯುವುದನ್ನು
ನಾವೆಲ್ಲ ನೋಡಿದ ಮೇಲೆ ಹೇಳಿದ:
'ಇಟ್ಟಿಗೆ ಸವೆದಲ್ಲಿ ಗಾಜು ಹೀಗೇ ಸೋರುತ್ತದೆ.
ಓಡಬೇಡಿ. ಏನನ್ನೂ ತುರುಕಬೇಡಿ.
ಹೊರಗಿನಿಂದ ನೀರು ಬಿಡಿ, ಗಾಳಿ ಬಿಡಿ, ತಣಿಸಿ.
ತಣಿದ ಗಾಜು ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ.'
ಆಮೇಲೆ ಆ ಬ್ರೆಡ್ಡನ್ನು ತಾನೇ ತಿಂದ.

ನಾವು ತಣ್ಣನೆಯ ಬದಿಯವರು, ಎಣಿಸಿ ತುಂಬುವವರು.
ನೆಲದ ಹಳದಿ ಗೆರೆ ದಾಟಿ ಬಿಸಿಯ ಬದಿಗೆ ಕಾಲಿಟ್ಟಿದ್ದಿಲ್ಲ.
ಈಗ ಕಣ್ಣು ಕಟ್ಟಿಕೊಂಡು ವಾಲ್ವಿನವರೆಗೆ ಹೆಜ್ಜೆ ಎಣಿಸಿದೆವು:
ಹದಿನಾಲ್ಕು, ಎಡಕ್ಕೆ ಮೂರು, ಮೊಣಕಾಲೆತ್ತರ.
ಮೂರನೆಯ ದಿನ ಇಟ್ಟಿಗೆಯ ಬಿಸಿ ತೋರುವ ಮೀಟರಿನ ಮುಂದೆ
ಗ್ರಾಸಿಯೆಟ್ ಸುಮ್ಮನೆ ನಿಂತೇ ಇದ್ದಳು.
ಅಂಕಿ ಓದಲು ಬರುವುದಿಲ್ಲವೆಂದು, ಇಪ್ಪತ್ತಾರು ವರ್ಷ
ರಟ್ಟಿನ ಮೇಲಿನ ಚಿತ್ರ ನೋಡಿಯೇ ಡಬ್ಬ ತುಂಬಿದೆನೆಂದು
ಅವನ ಕೇಳದ ಕಿವಿಯಲ್ಲಿ ಹೇಳಿದಳು.
ಹೇಗೆ ಕೇಳಿಸಿತೋ.
'ಮುಳ್ಳು ನಾಲ್ಕು ಗಂಟೆ ದಾಟಿದರೆ ಕೂಗು' ಅಂದ, ಅಷ್ಟೇ.

ಫೆಬ್ರವರಿಯ ಒಂದು ರಾತ್ರಿ ಅವಳು ಕೂಗಿದಳು.

ಕುಲುಮೆಯ ಹಳಬರಲ್ಲಿ ಅರ್ಧ ಜನ ಆಗಲೇ ಸ್ಪೇನಿಗೆ ಹೋಗಿದ್ದರು.
ಎರ್ಮೀನಿಯು ಮನೆಯಲ್ಲಿ ಮಲಗಿದ್ದ, ಒಳ್ಳೆಯ ಕಿವಿ ದಿಂಬಿಗೊತ್ತಿ.
ಗೋಡೆಯ ಬುಡದಲ್ಲಿ ಕಿತ್ತಳೆ ಬಣ್ಣದ ನಾಲಿಗೆ
ಅವಸರವೇ ಇಲ್ಲದೆ ಹೊರಗೆ ಬರುತ್ತಿತ್ತು.
ಓಡು ಅಂದವು ಕಾಲುಗಳು.
ಹದಿನಾಲ್ಕು, ಎಡಕ್ಕೆ ಮೂರು.
ವಾಲ್ದೆಮಾರ್ ವಾಲ್ವು ತಿರುವಿದ, ಬಾಯಲ್ಲಿ ಹಚ್ಚದ ಸಿಗರೇಟು.
ಪೈಪು ನನ್ನ ಕೈಯಲ್ಲಿ ಹಂದಿಮರಿಯ ಹಾಗೆ ಒದ್ದಾಡಿತು.
ಹಬೆ. ಹಬೆಯೊಳಗೆ ಗ್ರಾಸಿಯೆಟ್ಟಳ ದನಿ ಮಾತ್ರ:
ಐದು ಗಂಟೆ... ಐದೇ... ನಾಲ್ಕೂವರೆ...
ನಲವತ್ತು ನಿಮಿಷದ ಮೇಲೆ ನಾಲಿಗೆ ಕಪ್ಪಗಾಯಿತು,
ಹಸಿರಾಯಿತು, ಬಾಯಿ ಮುಚ್ಚಿತು.

ಬೆಳಿಗ್ಗೆ ತೆಲೆಸ್ ಬಂದು ಆ ಗಡ್ಡೆಯ ಮುಂದೆ ಬಹಳ ಹೊತ್ತು ನಿಂತ.
ಎಷ್ಟು ನೀರು ಖರ್ಚಾಯಿತೆಂದು ಕೇಳಿ ಬರೆದುಕೊಂಡ.

ಇಷ್ಟಕ್ಕೆ ಎಲ್ಲ ಸರಿಹೋಯಿತು ಅಂದರೆ ಸುಳ್ಳು.
ಏಪ್ರಿಲಿನಲ್ಲಿ ಹನ್ನೊಂದು ಜನರನ್ನು ಕಳಿಸಿಯೇ ಕಳಿಸಿದರು,
ನಾನೂ ಒಬ್ಬಳು. ಗ್ರಾಸಿಯೆಟ್ ಉಳಿದಳು, ಮೀಟರಿನ ಕೆಲಸಕ್ಕೆ.
ರಾತ್ರಿ ಬಸ್ಸಿನಿಂದ ಕಾಣುತ್ತದೆ
ಪೈನ್ ಮರಗಳ ಹಿಂದೆ ಸಣ್ಣಗೆ ಕೆಂಪು.

ಈಗ ಲೈರಿಯಾದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ.
ಬಾಯ್ಲರಿದೆ. ಮೊದಲ ದಿನವೇ ಕೇಳಿದೆ: ನೀರಿನ ವಾಲ್ವು ಎಲ್ಲಿ?
ಅದನ್ನು ಕಟ್ಟಿಕೊಂಡು ನಿನಗೇನು ಎಂದು ನಕ್ಕರು.
ನಗಲಿ.
ಬಾವಿ ತೋಡುವವರನ್ನು ಕಂಡು ನಾನೂ ನಕ್ಕವಳೇ.
ಮಧ್ಯಾಹ್ನದ ಬಿಡುವಿನಲ್ಲಿ ಕಣ್ಣು ಮುಚ್ಚಿ ಎಣಿಸಿದೆ:
ಇಪ್ಪತ್ತೆರಡು, ಬಲಕ್ಕೆ ಒಂದು.